ಮೋರೆರಾಯನ ಉಪವಾಸ

"ನಿಮ್ಮ ಮೀನು ಉಪವಾಸ ಇಲ್ಲ ಡಾಕ್ಟ್ರೇ. ನನಗಿಂತ ಚೆನ್ನಾಗಿ ಉಣ್ತಾ ಇದೆ."

ದಫೇದಾರಮ್ಮನ ಮಾತು ಕೇಳಿ ಕಣ್ಣಿನ ಡಾಕ್ಟರು ಚಿಮಟ ಎತ್ತಿ ಹಿಡಿದ ಭಂಗಿಯಲ್ಲೇ ನಿಂತುಬಿಟ್ಟರು. ಮೊಳದುದ್ದದ ಆ ಚಿಮಟದ ತುದಿಯಲ್ಲಿ ಸಿಪ್ಪೆ ಸುಲಿದ ಸಿಗಡಿಯೊಂದು ನೇತಾಡುತ್ತಿತ್ತು. ಅದರ ನೀರು ತೊಟ್ಟಿಕ್ಕಿ ಅವರ ಚಪ್ಪಲಿಯ ಮೇಲೆ ಬೀಳುತ್ತಿತ್ತು.

"ಏನಂದ್ರಿ? ಇಪ್ಪತ್ಮೂರು ದಿನದಿಂದ ಒಂದು ಚೂರು ಮುಟ್ಟಿಲ್ಲ ಅದು. ದಿನಾ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗೋ ಮುಂಚೆ ನಾನೇ ಕೈಯಾರೆ ಇಡ್ತೀನಿ. ಸಂಜೆ ಬಂದು ನಾನೇ ತೆಗೆದು ಬಿಸಾಕ್ತೀನಿ. ಹೊಸದಾಗಿ ತಂದ ಈಲ್ ವಾರಗಟ್ಟಲೆ ಉಣ್ಣದೆ ಇರತ್ತೆ ಅಂತ ಅಂಗಡಿಯವರೂ ಹೇಳಿದ್ರು."

"ಹೇಳಿರಬಹುದು. ಉಣ್ಣದೆ ಇರೋರನ್ನ ನಾನೂ ನೋಡಿದ್ದೀನಿ."

ಹಜಾರದ ಆ ಗೋಡೆಯ ಉದ್ದಕ್ಕೂ ಗಾಜಿನ ತೊಟ್ಟಿ. ಆರು ಅಡಿ ಉದ್ದ, ಎದೆಯ ಎತ್ತರ, ಒಳಗೆ ಉಪ್ಪುನೀರು. ನೀರಿನಲ್ಲಿ ಕಡಲ ಕಲ್ಲುಗಳ ಗುಡ್ಡೆ, ಆ ಗುಡ್ಡೆಯ ನಡುವಿನ ಪೊಟರೆಯೊಂದರಿಂದ ಮುಷ್ಟಿಗಾತ್ರದ ಒಂದು ತಲೆ ಹೊರಗೆ ಇಣುಕಿತ್ತು. ಹಾಲಿನ ಮೇಲೆ ಮಸಿ ಚೆಲ್ಲಿದಂಥ ಮೈ, ಅಲ್ಲಲ್ಲಿ ಹಳದಿ ಚುಕ್ಕೆ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕಚ್ಚಲು ಬರುತ್ತಿದೆ ಎಂದು ನೋಡಿದವರು ಹೆದರುತ್ತಿದ್ದರು. ಅದು ಉಸಿರಾಡುವ ರೀತಿಯೇ ಹಾಗೆ ಎಂದು ಡಾಕ್ಟರು ಬಂದವರಿಗೆಲ್ಲ ಹೇಳಿ ಹೇಳಿ ಸುಸ್ತಾಗಿದ್ದರು. ಹಾವಿನಂಥ ಉದ್ದ ಮೀನು, ಮೋರೆ ಈಲ್ ಎಂದು ಅದರ ಜಾತಿಯ ಹೆಸರು. "ಮೋರೆ ಅಂತೆ! ಎಂಥಾ ಮೋರೆಯೋ!" ಎಂದು ಡಾಕ್ಟರ ತಾಯಿ ದೊಡ್ಡಮ್ಮ ಮೊದಲ ದಿನವೇ ನಕ್ಕು, ಅದಕ್ಕೆ ಮೋರೆರಾಯ ಎಂದು ನಾಮಕರಣ ಮಾಡಿದ್ದರು.

ಆ ದೊಡ್ಡಮ್ಮನ ಹಸಿರುಕಲ್ಲಿನ ಪದಕ ಕಾಣೆಯಾಗಿ ಅಂದಿಗೆ ಹದಿನಾರು ದಿನ. ನಾಲ್ಕು ವರ್ಷ ಅವರ ಆರೈಕೆ ಮಾಡಿದ್ದ ನರ್ಸಮ್ಮನೇ ಕದ್ದವಳೆಂದು ಮನೆಯವರೂ ಪೊಲೀಸರೂ ತೀರ್ಮಾನಿಸಿಯಾಗಿತ್ತು. ಹನ್ನೆರಡು ಗಂಟೆಗೆ ಅವಳನ್ನು ಕರೆದೊಯ್ಯಲು ಇನ್ಸ್‌ಪೆಕ್ಟರ್ ಸಾಹೇಬರು ಬಂದು ಕೂತಿದ್ದರು. ಗಡಿಯಾರದಲ್ಲಿ ಆಗ ಹತ್ತೂವರೆ.

ನರ್ಸಮ್ಮ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಳುವುದನ್ನು ಎರಡು ದಿನದ ಹಿಂದೆಯೇ ನಿಲ್ಲಿಸಿದ್ದಳು. ಕಡೆಯ ಬಾರಿ ಅತ್ತದ್ದು ನೆರೆಮನೆಯ ದಫೇದಾರಮ್ಮನ ಅಡುಗೆಮನೆಯಲ್ಲಿ. "ಜೈಲಿಗೆ ಹೋದರೂ ಚಿಂತೆ ಇಲ್ಲ ಅಮ್ಮಾ, ದೊಡ್ಡಮ್ಮ ನನ್ನ ಮುಖ ನೋಡ್ತಾ ಇಲ್ಲ" ಎಂದು ಅಂದಿದ್ದಳು. ಆ ಒಂದು ಮಾತಿಗೆ ದಫೇದಾರಮ್ಮ ಕೇಸು ಹಿಡಿದಿದ್ದರು.

ಮೂವತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿ ದಫೇದಾರ್ ಆಗಿಯೇ ನಿವೃತ್ತರಾದ ಹೆಂಗಸು. ಮೇಲಿನವರ ಮಾತಿಗೆ ಹೂಂಗುಟ್ಟುವ ಅಭ್ಯಾಸವಿಲ್ಲದ್ದರಿಂದ ಬಡ್ತಿ ಬರಲಿಲ್ಲ. ಬಡ್ತಿ ಬರದಿದ್ದರಿಂದ ಹೆಸರೇ ದಫೇದಾರಮ್ಮ ಎಂದಾಯಿತು.

"ಸುತ್ತು ಬಳಸಿ ಮಾತಾಡಬೇಡಿ" ಎಂದರು ಸಾಹೇಬರು ಸೋಫಾದಿಂದ. "ಪದಕ ಹುಡುಕಿ ಅಂದರೆ ಮೀನಿನ ಊಟದ ವಿಚಾರಣೆ ಮಾಡ್ತಾ ಇದ್ದೀರಿ."

"ಎರಡೂ ಒಂದೇ ಕೇಸು ಸಾಹೇಬ್ರೇ."

ದಫೇದಾರಮ್ಮ ತೊಟ್ಟಿಯ ಪಕ್ಕದಲ್ಲಿದ್ದ ನೋಟ್‌ಬುಕ್ ಎತ್ತಿಕೊಂಡರು. ಡಾಕ್ಟರು ದಿನವೂ ಬರೆದಿಡುತ್ತಿದ್ದ ಪುಸ್ತಕ ಅದು. ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು, ಮೀನು ತಿಂದಿತೇ ಇಲ್ಲವೇ. ಪುಟದ ಕೊನೆಯಲ್ಲಿ ಒಂದೊಂದು ಬಣ್ಣದ ಚುಕ್ಕೆ. ನೀರಿನಲ್ಲಿ ಮೀನಿನ ಹೊಲಸು ಎಷ್ಟಿದೆ ಎಂದು ನೋಡುವ ಪರೀಕ್ಷೆಯದು: ಪುಟ್ಟ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ತುಂಬಿ ಔಷಧದ ಹನಿ ಹಾಕಿದರೆ, ಶುದ್ಧವಿದ್ದಾಗ ಹಳದಿ, ಕೊಳೆಯಾದಂತೆ ಕಿತ್ತಳೆ, ತೀರಾ ಕೆಟ್ಟರೆ ಕೆಂಪು.

"ಮೊದಲನೇ ವಾರ ನೋಡಿ. ಹಳದಿ, ಹಳದಿ, ಹಳದಿ. ಆಮೇಲೆ ಕಿತ್ತಳೆ. ಮೊನ್ನೆ ಕೆಂಪು. ಈ ತೊಟ್ಟೀಲಿ ಬೇರೆ ಮೀನು ಇದೆಯಾ?"

"ಇಲ್ಲ. ಅದೊಂದೇ."

"ಹಾಗಾದ್ರೆ ಉಣ್ಣದೆ ಇರೋನ ಕಕ್ಕಸು ಯಾಕೆ ತುಂಬ್ತಾ ಇದೆ ಡಾಕ್ಟ್ರೇ?"

ಗಾಲಿಕುರ್ಚಿಯಲ್ಲಿ ಕೂತಿದ್ದ ದೊಡ್ಡಮ್ಮನ ಗಂಟಲಿನಿಂದ ನಗುವಿನಂಥ ಸದ್ದೊಂದು ಹೊರಟು, ಕೆಮ್ಮಾಗಿ ಮುಗಿಯಿತು.

"ನಗಬೇಡಿ ದೊಡ್ಡಮ್ಮಾ. ಲಾಕಪ್ಪಿನಲ್ಲಿ ಒಬ್ಬ ಹನ್ನೊಂದು ದಿನ ಅನ್ನ ಮುಟ್ಟಲ್ಲ ಅಂತ ಹಟ ಹಿಡಿದಿದ್ದ. ಪೇಪರಿನಲ್ಲಿ ಅವನ ಫೋಟೋ ಬಂತು. ನಾನು ಮಾತ್ರ ಅವನು ದಿನಕ್ಕೆ ಎಷ್ಟು ಸಲ ಚೊಂಬು ಕೇಳ್ತಾನೆ ಅಂತ ಲೆಕ್ಕ ಇಟ್ಟೆ. ಕಿಟಕಿಯಿಂದ ಬಾಳೆಹಣ್ಣು ಕೊಡ್ತಾ ಇದ್ದವನು ನಾಲ್ಕನೇ ದಿನ ಸಿಕ್ಕಿಬಿದ್ದ."

ಡಾಕ್ಟರು ನೋಟ್‌ಬುಕ್ಕನ್ನು ಕಸಿದುಕೊಂಡಂತೆ ತೆಗೆದುಕೊಂಡರು. ಪುಟ ತಿರುವಿದರು. ಊರಿನವರ ಕಣ್ಣೆಲ್ಲ ತಿದ್ದುವ ಮನುಷ್ಯ, ತಾವೇ ಇಟ್ಟ ಚುಕ್ಕೆಗಳನ್ನು ಮೊದಲ ಸಲ ನೋಡುತ್ತಿರುವಂತೆ ನೋಡಿದರು.

"ಉಪವಾಸ ಇದ್ದಿದ್ರೆ ಮೈ ಸೊರಗಿ ತಲೆ ಮಾತ್ರ ದಪ್ಪ ಕಾಣ್ಬೇಕು" ಎಂದು ತಮಗೆ ತಾವೇ ಹೇಳಿಕೊಂಡರು. "ಇದರ ಮೈ ತುಂಬಿದೆ. ನಂಗೆ ಹೊಳೀಲೇ ಇಲ್ಲ. ಯಾರು? ಯಾರು ತಿನ್ನಿಸ್ತಾ ಇದ್ದಾರೆ?"

"ಅದನ್ನ ಮೋರೆರಾಯನೇ ಹೇಳ್ತಾನೆ."

ಸಾಹೇಬರು ಮೀಸೆಯಡಿಯಲ್ಲಿ ನಕ್ಕರು. "ಮೀನಿನ ಸಾಕ್ಷಿ ಯಾವ ಕೋರ್ಟಿನಲ್ಲಿ ನಿಲ್ಲತ್ತೆ?"

"ಮೀನು ಕೋರ್ಟಿಗೆ ಬರೋದು ಬೇಡ ಸಾಹೇಬ್ರೇ. ಮನುಷ್ಯರು ಬಂದ್ರೆ ಸಾಕು."

*

ದಫೇದಾರಮ್ಮ ಎಲ್ಲರನ್ನೂ ತೊಟ್ಟಿಯ ಮುಂದೆ ಸಾಲಾಗಿ ನಿಲ್ಲಿಸಿದರು. ಠಾಣೆಯಲ್ಲಿ ಸಾಕ್ಷಿಯೆದುರು ಅನುಮಾನದವರನ್ನು ನಿಲ್ಲಿಸುತ್ತಾರಲ್ಲ, ಹಾಗೆ.

ನಾಲ್ಕು ಜನ. ಡಾಕ್ಟರು. ವಾರಕ್ಕೊಮ್ಮೆ ನೀರು ಬದಲಿಸಲು ಬರುವ ಮೀನಿನಂಗಡಿಯಣ್ಣ. ಮೋರೆರಾಯನನ್ನು ಮಾರಿದವನೂ ಅವನೇ. ನರ್ಸಮ್ಮ. ಕೊನೆಗೆ ಡಾಕ್ಟರ ಅಳಿಯ. ಮಾವನ ಕ್ಲಿನಿಕ್ಕಿನ ಕೆಳಗೇ ಕನ್ನಡಕದ ಅಂಗಡಿ ನೋಡಿಕೊಳ್ಳುವವನು. ಅವನ ಹೆಂಡತಿ, ಡಾಕ್ಟರ ಮಗಳು, ಕೆಲಸದ ಮೇಲೆ ಹೊರಗೆ ಹೋಗಿದ್ದಳು. ಅಳಿಯ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದ. ಆ ಹೊತ್ತಿಗೆ ದೊಡ್ಡಮ್ಮನಿಗೆ ನಿದ್ದೆ.

ತೊಟ್ಟಿಯ ಮುಚ್ಚಳಕ್ಕೆ ಎಡಕ್ಕೊಂದು ಬಲಕ್ಕೊಂದು ಎರಡು ಕದ. ಈ ಜಾತಿಯ ಮೀನು ಬೆರಳಗಲ ಸಂದು ಕಂಡರೆ ಸಾಕು, ಹಾರಿ ನೆಲಕ್ಕೆ ಬಿದ್ದು ಒಣಗಿ ಸಾಯುತ್ತದೆ. ಅದಕ್ಕೇ ಎರಡಕ್ಕೂ ಬಿಗಿಯಾದ ಕೊಂಡಿ. ದಫೇದಾರಮ್ಮ ಎರಡೂ ಕೊಂಡಿ ತೆಗೆಸಿದರು. ಸಿಗಡಿಯ ಬಟ್ಟಲನ್ನೂ ಹತ್ತಿ ನಿಲ್ಲುವ ಮಣೆಯನ್ನೂ ಎಡಗಡೆ ಇಟ್ಟರು. ಡಾಕ್ಟರು ದಿನವೂ ನಿಲ್ಲುತ್ತಿದ್ದ ಜಾಗ ಅದು.

"ಮೊದಲು ಬಾಯಲ್ಲಿ ಹೇಳಿ. ಈ ಮನೇಲಿ ಇದಕ್ಕೆ ಯಾರು ಯಾರು ತಿನ್ನಿಸಿದ್ದೀರಿ?"

ಡಾಕ್ಟರು ಕೈಯೆತ್ತಿದರು. ಉಳಿದವರಲ್ಲಿ ಯಾರೂ ಎತ್ತಲಿಲ್ಲ.

"ಅಂಗಡೀಲಿ ಎರಡು ದಿನ ಇತ್ತು, ಆಗ ಹಾಕಿದ್ದೆ. ಇಲ್ಲಿ ಇಲ್ಲ" ಎಂದ ಮೀನಿನಂಗಡಿಯಣ್ಣ.

"ನಾನಾ!" ಅಳಿಯ ಕರವಸ್ತ್ರ ಮೂಗಿಗೆ ಹಿಡಿದ. "ಹಾವಿನ ಚಿತ್ರ ಕಂಡ್ರೆ ನಂಗೆ ಮೈ ಜುಮ್ಮನ್ನತ್ತೆ. ಈ ಹಜಾರದಲ್ಲಿ ಕೂತು ಟಿವಿ ನೋಡೋದನ್ನೇ ಬಿಟ್ಟಿದ್ದೀನಿ. ಮಾವನ್ನೇ ಕೇಳಿ."

"ನಿಜ" ಎಂದರು ಡಾಕ್ಟರು.

"ಸರಿ. ನಿನ್ನೆ ಮಧ್ಯಾಹ್ನದಿಂದ ನಾನೇ ಇದರ ಮುಂದೆ ಕುರ್ಚಿ ಹಾಕಿ ಕೂತಿದ್ದೆ. ಬೆಳಿಗ್ಗೆ ಮುಖ ತೊಳೆಯೋಕೆ ಎದ್ದಾಗ ಸಾಹೇಬ್ರು ಕಾವಲಿದ್ರು. ಯಾರೂ ಏನೂ ತಿನ್ನಿಸಿಲ್ಲ. ಮೋರೆರಾಯನಿಗೆ ಹಸಿವಾಗಿದೆ. ಒಬ್ಬೊಬ್ಬರಾಗಿ ಚಿಮಟ ಹಿಡೀರಿ."

ಡಾಕ್ಟರು ಮಣೆ ಹತ್ತಿ ಎಡಗಡೆಯಿಂದ ಸಿಗಡಿ ಇಳಿಸಿದರು. ಮೋರೆರಾಯ ನೋಡಿದ. ತಲೆಯನ್ನು ನಾಲ್ಕು ಬೆರಳು ಒಳಗೆ ಎಳೆದುಕೊಂಡ.

"ನೋಡಿದ್ರಾ? ನನ್ನ ಕಂಡ್ರೇ ಆಗಲ್ಲ ಇದಕ್ಕೆ" ಎಂದು ಡಾಕ್ಟರು ಕೆಳಗಿಳಿದರು. ಬೀಗರ ಮನೆಯಲ್ಲಿ ಅವಮಾನವಾದವರ ಹಾಗಿತ್ತು ಅವರ ಮುಖ.

ಮೀನಿನಂಗಡಿಯಣ್ಣ ಪಳಗಿದವನು. ಸಿಗಡಿಯನ್ನು ಪೊಟರೆಯ ಮುಂದೆ ಉದುರಿಸಿ ಕೈ ತೆಗೆದ. ಮೋರೆರಾಯ ಅರ್ಧ ಮೈ ಹೊರಹಾಕಿ ಹುಡುಕಿದ. ಸಿಗಡಿ ಇದ್ದದ್ದು ಇತ್ತ, ಮೂಸಿದ್ದು ಅತ್ತ.

"ಇದಕ್ಕೆ ಕಣ್ಣು ಮಂಜು. ವಾಸನೆಯೇ ಕಣ್ಣು" ಎಂದ ಅಂಗಡಿಯಣ್ಣ.

"ಕರ್ಕೊಂಡು ಬಾ, ನನ್ನ ಮಗ ಕನ್ನಡಕ ಬರ್ಕೊಡ್ತಾನೆ" ಎಂದರು ದೊಡ್ಡಮ್ಮ.

ನರ್ಸಮ್ಮ ರೋಗಿಗೆ ಗಂಜಿ ಕುಡಿಸುವ ನಾಜೂಕಿನಲ್ಲಿ ಚಿಮಟ ಇಳಿಸಿದಳು. ಮಸಿಮೈಯ ತಲೆ ಅವಳತ್ತ ಚಾಚಿದ್ದೇ ತಡ, ಕಿಟಾರನೆ ಕಿರುಚಿ ಚಿಮಟವನ್ನು ನೀರಿಗೇ ಬಿಟ್ಟಳು. ಹದಿನಾರು ದಿನದಲ್ಲಿ ಮೊದಲ ಸಲ ಆ ಹಜಾರದಲ್ಲಿ ಎಲ್ಲರೂ ಒಟ್ಟಿಗೆ ನಕ್ಕರು. ಅವಳೂ ನಕ್ಕಳು. ಆಮೇಲೆ ಸಾಹೇಬರ ಮುಖ ನೋಡಿ ನಗು ನುಂಗಿದಳು.

ಅಂಗಡಿಯಣ್ಣ ಕೊಕ್ಕೆ ಹಾಕಿ ಚಿಮಟ ಎತ್ತಿಕೊಟ್ಟ. ಉಳಿದವನು ಅಳಿಯ.

"ದಯವಿಟ್ಟು ನನ್ನ ಬಿಡಿ. ವಾಂತಿ ಬರತ್ತೆ."

"ಒಂದೇ ಒಂದು ಸಿಗಡಿ ಅಳಿಯಂದ್ರೆ. ಬೇಕಾದ್ರೆ ಕಣ್ಣು ಮುಚ್ಕೊಳ್ಳಿ."

ಅವನು ಮುಖ ಹಿಂಡಿದ. ಕರವಸ್ತ್ರವನ್ನು ಎಡಗೈಯಲ್ಲಿ ಮೂಗಿಗೆ ಒತ್ತಿ, ಬಲಗೈಯಲ್ಲಿ ಚಿಮಟ ಹಿಡಿದ. ನಿಜವಾಗಿಯೂ ಕಣ್ಣು ಮುಚ್ಚಿದ. ಮುಖವನ್ನು ಗೋಡೆಯತ್ತ ತಿರುಗಿಸಿಯೂ ಬಿಟ್ಟ. ಹೆದರಿಕೆಯ ನಾಟಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆದರೆ ಕಾಲು ಮಣೆಯನ್ನು ಸುತ್ತಿ ಬಲಕ್ಕೆ ನಡೆಯಿತು.

ಬಲಗಡೆಯ ಕದ ಮೊಣಕೈಯಿಂದ ತೆರೆದುಕೊಂಡಿತು. ಚಿಮಟದ ತುದಿ ಗಾಜಿನ ಅಂಚಿಗೆ ಟಿಕ್ ಟಿಕ್ ಎಂದು ಎರಡು ಸಲ ತಾಗಿತು. ಆಮೇಲೆ ಮೆಲ್ಲಗೆ ಕೆಳಗಿಳಿದು, ತೊಟ್ಟಿಯ ತಳದಿಂದ ಒಂದು ಗೇಣು ಮೇಲೆ ನಿಂತಿತು.

ಮೋರೆರಾಯ ಹೊರಟ. ತಲೆ, ಕತ್ತು, ನಡು, ಬಾಲ. ಎರಡಡಿ ಉದ್ದದ ಮೈ ಇಡಿಯಾಗಿ ಪೊಟರೆಯಿಂದ ಬಿಚ್ಚಿಕೊಂಡು, ರಿಬ್ಬನ್ನಿನಂತೆ ಅಲೆಯುತ್ತ ಬಲಮೂಲೆಗೆ ಬಂತು. ಬಾಯಿ ತೆರೆದು ಸಿಗಡಿಯನ್ನು ಕಚ್ಚಿ ಎಳೆಯಿತು. ಎಳೆತಕ್ಕೆ ಚಿಮಟ ಜಗ್ಗಿತು. ಕೈ ಬೆಚ್ಚಲಿಲ್ಲ. ಒಂದು ಕ್ಷಣ ಹಾಗೇ ಹಿಡಿದು, ಮೀನು ಸರಿಯಾಗಿ ಕಚ್ಚಿಕೊಂಡ ಮೇಲೆಯೇ ಹಿಡಿತ ಸಡಿಲಿಸಿತು.

"ತಿಂತು!" ಡಾಕ್ಟರು ಚೀರಿದರು. "ಅಯ್ಯೋ, ತಿಂತು ಕಣಮ್ಮಾ! ತಿಂತು!"

ಅವರ ಕಣ್ಣಲ್ಲಿ ನೀರೇ ಬಂತು. ಅಳಿಯ ಕಣ್ಣು ತೆರೆದ. ತಾನು ಎಲ್ಲಿ ನಿಂತಿದ್ದೇನೆ ಎಂದು ಅವನಿಗೆ ಆಗ ತಿಳಿಯಿತು.

"ಅಳಿಯಂದ್ರೆ" ಎಂದರು ದಫೇದಾರಮ್ಮ, ಮಗುವನ್ನು ಮಾತಾಡಿಸುವ ದನಿಯಲ್ಲಿ, "ಬಾಯಿ ಸುಳ್ಳು ಹೇಳತ್ತೆ. ಮುಖ ಸುಳ್ಳು ಹೇಳತ್ತೆ. ಕೈಗೆ ಆ ವಿದ್ಯೆ ಬರಲ್ಲ. ಎಷ್ಟು ದಿನದಿಂದ ತಿನ್ನಿಸ್ತಾ ಇದ್ದೀರಿ?"

"ಇದು... ಆಕಸ್ಮಿಕ. ಎಡಗಡೆ ಮಣೆ ಅಡ್ಡ ಇತ್ತು."

"ಮೂರು ಜನರಿಗೆ ಅಡ್ಡ ಆಗದ ಮಣೆ."

"ಸರಿ, ತಿನ್ನಿಸಿದೆ ಅಂತಲೇ ಇಟ್ಕೊಳ್ಳಿ! ಪಾಪ ಅಂತ ಎರಡು ದಿನ ಹಾಕಿರಬಹುದು. ಮೀನಿಗೆ ಊಟ ಹಾಕೋದು ಅಪರಾಧವಾ ಸಾಹೇಬ್ರೇ?" ಅವನು ಇನ್ಸ್‌ಪೆಕ್ಟರತ್ತ ತಿರುಗಿದ. ದನಿ ಏರಿತು. "ಅದಕ್ಕೂ ಪದಕಕ್ಕೂ ಏನು ಸಂಬಂಧ? ಅದರ ಪೊಟರೇಲಿ ಏನಿದೆ ಅಂತ ನಂಗೆ ಹೇಗೆ ಗೊತ್ತಾಗತ್ತೆ?"

ಎಲ್ಲರೂ ಕಲ್ಲಿನ ಗುಡ್ಡೆಯತ್ತ ತಿರುಗಿದರು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ" ಎಂದರು ದೊಡ್ಡಮ್ಮ ಮೆಲ್ಲಗೆ.

"ಪೊಟರೆ ಅನ್ನೋ ಮಾತು ನಾನು ಎತ್ತಲೇ ಇಲ್ಲವಲ್ಲ" ಎಂದರು ದಫೇದಾರಮ್ಮ. "ಆದ್ರೂ ನೀವು ಹೇಳಿದ್ದು ಒಳ್ಳೇದಾಯ್ತು. ಉಳಿದದ್ದನ್ನ ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಪದಕ ಎತ್ತಿದ ಕೂಡಲೇ ದೊಡ್ಡಮ್ಮ ಕೂಗು ಹಾಕಿದ್ರು. ಮನೆ ಬಾಗಿಲು ಮುಚ್ಚಿಸಿ ಎಲ್ಲರ ಚೀಲ, ಜೇಬು ನೋಡಿದ್ರು. ನಿಮಗೆ ಸಿಕ್ಕಿದ್ದು ಎರಡೇ ನಿಮಿಷ. ಹಾವಿನಂಥ ಮೀನಿರೋ ನೀರಿಗೆ ಯಾವ ಪೊಲೀಸಿನವನೂ ಕೈ ಹಾಕಲ್ಲ ಅಂತ ನಿಮಗೆ ಗೊತ್ತಿತ್ತು. ಆಗ ಮೋರೆರಾಯ ಇದ್ದದ್ದು ಎಡಗಡೆ ಕಲ್ಲಿನ ಕೆಳಗೆ. ಡಾಕ್ಟ್ರು ಪುಸ್ತಕದಲ್ಲಿ ಬರೆದಿದ್ದಾರೆ. ನಡುವಿನ ಪೊಟರೆ ಖಾಲಿ. ಅಲ್ಲಿಗೆ ತುರುಕಿದ್ರಿ."

ಅಳಿಯ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟ.

"ಮಾರನೇ ದಿನ ಬೆಳಿಗ್ಗೆ ಪುಸ್ತಕದಲ್ಲಿ ಇನ್ನೊಂದು ಸಾಲಿದೆ. 'ಈಲ್ ಮನೆ ಬದಲಾಯಿಸಿದೆ. ಈಗ ನಡುವಿನ ಪೊಟರೆಯಲ್ಲಿ.' ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನಿಮಗೆ. ನಿಧಿ ಕಾಯೋ ಸರ್ಪ ಅಂತ ಕಥೇಲಿ ಕೇಳಿದ್ವಿ, ನೀವು ನಿಮ್ಮ ಹಜಾರದಲ್ಲೇ ಒಂದನ್ನ ಇಟ್ಕೊಂಡ್ರಿ. ಅದನ್ನ ಹೊರಗೆ ಕರೆಯೋಕೆ ಒಂದೇ ದಾರಿ, ಊಟ. ದಿನಾ ಮಧ್ಯಾಹ್ನ ಬಲಮೂಲೇಲಿ ತಿನ್ನಿಸಿ ತಿನ್ನಿಸಿ ಪಳಗಿಸಿದ್ರಿ. ಪೂರ್ತಿ ಹೊರಗೆ ಬರೋದನ್ನ ಅದು ಕಲಿತಿದ್ದು ಈಗೀಗ. ನಿನ್ನೆ ಕೈ ಹಾಕೋಣ ಅಂತಿದ್ರಿ. ನಿನ್ನೆ ನಾನು ಬಂದು ಕೂತೆ."

"ಯಾಕಪ್ಪಾ?" ಡಾಕ್ಟರು ಅಳಿಯನ ಹತ್ತಿರ ಬಂದರು. "ಯಾಕೆ?"

ಅಳಿಯ ಮಾವನನ್ನು ನೋಡಲಿಲ್ಲ. ಗಾಲಿಕುರ್ಚಿಯತ್ತ ನೋಡಿದ.

"ಅಜ್ಜಿ ಅದನ್ನ ನರ್ಸಿಗೆ ಕೊಡ್ತೀನಿ ಅಂದ್ರು. ನನ್ನ ಕಿವಿಯಾರೆ ಕೇಳಿದೆ. ಮೊಮ್ಮಗಳಿಗೆ ಸೇರಬೇಕಾದ್ದನ್ನ ಹೊರಗಿನವಳಿಗೆ! ಅವಳನ್ನ ಆಚೆ ಕಳಿಸಿದ್ರೆ ಎಲ್ಲ ಸರಿ ಹೋಗತ್ತೆ ಅಂತ..."

ನರ್ಸಮ್ಮ ಸ್ಟೂಲಿನಿಂದ ಎದ್ದು ನಿಂತಿದ್ದಳು. ಕೈಚೀಲ ಕೆಳಗೆ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಪದಕ ತನಗೆಂದು ಇತ್ತು ಎಂಬುದೂ ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

*

"ತಪ್ಪೊಪ್ಪಿಗೆ ಸರಿ" ಎಂದರು ಸಾಹೇಬರು. "ಮಾಲು?"

"ತೆಗೆಯೋಣ. ಅಳಿಯಂದ್ರೆ, ಇನ್ನೊಂದು ಸಿಗಡಿ ಹಿಡೀರಿ. ನೀವು ಕಲಿಸಿದ ಪಾಠ, ನೀವೇ ಒಪ್ಪಿಸಿ."

"ದಫೇದಾರಮ್ಮಾ, ಬೇಡ" ಎಂದು ಡಾಕ್ಟರು ಅಡ್ಡ ಬಂದರು. "ಅದರ ಗಂಟಲಲ್ಲಿ ಇನ್ನೊಂದು ದವಡೆ ಇದೆ. ಮುಂದಿನ ಹಲ್ಲು ಕಚ್ಚತ್ತೆ, ಒಳಗಿನ ಹಲ್ಲು ಎಳ್ಕೊಳ್ಳತ್ತೆ. ಕಚ್ಚಿದ್ರೆ ಬಿಡಲ್ಲ."

"ಇಲಾಖೇಲಿ ಮೂವತ್ತೆರಡು ವರ್ಷ ಅಂಥವರ ಜೊತೆಗೇ ಕೆಲಸ ಮಾಡಿದ್ದೀನಿ ಡಾಕ್ಟ್ರೇ."

ದಫೇದಾರಮ್ಮ ಕೈ ತೊಳೆದು ಸೋಪಿನ ಅಂಶ ಹೋಗುವವರೆಗೆ ಉಜ್ಜಿಕೊಂಡರು. ಕಡುಬಣ್ಣದ ರವಿಕೆಯ ಉದ್ದ ತೋಳನ್ನು ಮೇಲಕ್ಕೆ ಮಡಚಿದರು. ಮಣೆ ಹತ್ತಿದರು.

ಬಲಗಡೆ, ಟಿಕ್ ಟಿಕ್. ಮೋರೆರಾಯ ಹೊರಟ. ಬಾಲದ ತುದಿ ಪೊಟರೆಯನ್ನು ದಾಟಿದ ಕ್ಷಣ ದಫೇದಾರಮ್ಮನ ಬಲಗೈ ನೀರಿಗಿಳಿಯಿತು.

ನೀರು ಬೆಚ್ಚಗಿತ್ತು. ಮಡಚಿದ ತೋಳು ಜಾರಿ ಮೊಣಕೈವರೆಗೆ ನೆನೆಯಿತು. ಕಲ್ಲಿನ ಅಂಚು, ಮರಳು, ಲೋಳೆ. ಬೆರಳು ಒಳಗೆ ಹೋಯಿತು. ಇನ್ನೂ ಒಳಗೆ. ಏನೂ ಇಲ್ಲ.

"ಬೇಗ" ಎಂದ ಮೀನಿನಂಗಡಿಯಣ್ಣ. "ನುಂಗ್ತಾ ಇದೆ."

ಇನ್ನೂ ನಾಲ್ಕು ಬೆರಳು. ಭುಜ ತೊಟ್ಟಿಯ ಅಂಚಿಗೆ ಒತ್ತಿತು. ಬಲಮೂಲೆಯಲ್ಲಿ ಮಸಿಮೈ ಹೊರಳಿತು, ತಲೆ ಇತ್ತ ತಿರುಗಿತು. ನರ್ಸಮ್ಮ ಕಣ್ಣು ಮುಚ್ಚಿಕೊಂಡಳು.

"ಚಿಮಟ ಅಲ್ಲಾಡಿಸಪ್ಪಾ! ಅಲ್ಲೇ ಹಿಡಿ ಅದನ್ನ!" ಎಂದು ಡಾಕ್ಟರು ಕೂಗಿದರು. ಅಳಿಯ ಅಲ್ಲಾಡಿಸಿದ. ತಲೆ ಮತ್ತೆ ಅತ್ತ ತಿರುಗಿತು.

ಬೆರಳ ತುದಿಗೆ ಸರಪಳಿಯ ಗುಂಡು ಸಿಕ್ಕಿತು.

ದಫೇದಾರಮ್ಮ ಕೈ ಹೊರಗೆಳೆದು ಎತ್ತಿ ಹಿಡಿದರು. ಹದಿನಾರು ದಿನದ ಕಂದು ಪಾಚಿ ಅಂಟಿದ್ದ ಬಂಗಾರದ ಸರ. ಅದರ ನಡುವೆ ಹುಣಸೆಬೀಜದಷ್ಟು ಹಸಿರು. ಸೆರಗಿನಲ್ಲಿ ಒಂದು ಸಲ ಒರೆಸಿದ್ದೇ ಕಲ್ಲು ಬೆಳಕನ್ನು ಹಿಡಿದು ಛಾವಣಿಗೆ ಎಸೆಯಿತು.

ಯಾರು ಮೊದಲು ಚಪ್ಪಾಳೆ ತಟ್ಟಿದರೋ. ಬಹುಶಃ ಮೀನಿನಂಗಡಿಯಣ್ಣ. ಡಾಕ್ಟರು ದಫೇದಾರಮ್ಮನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಪದಕಕ್ಕೆ ಸಂತೋಷವೋ, ಮೀನು ತಿಂದದ್ದಕ್ಕೋ, ಅವರಿಗೇ ತಿಳಿಯದಂತಿತ್ತು.

ದೊಡ್ಡಮ್ಮ ಮಾತ್ರ ಪದಕದ ಕಡೆ ನೋಡಲಿಲ್ಲ.

"ಬಾರೇ ಇಲ್ಲಿ" ಎಂದರು ನರ್ಸಮ್ಮನಿಗೆ. "ಹತ್ತಿರ ಬಾ. ನನ್ನ ಮಂಡಿ ಬಗ್ಗಲ್ಲ, ಇಲ್ಲದಿದ್ರೆ ನಾನೇ ಬರ್ತಿದ್ದೆ. ಹದಿನಾರು ದಿನ ನಿನ್ನ ಮುಖ ನೋಡ್ಲಿಲ್ಲ ನಾನು. ನೋಡಿದ್ರೆ ನಂಬಿಬಿಡ್ತೀನಿ ಅಂತ ಭಯ. ನಂಬಿದ್ರೆ ಮನೆಯವರಲ್ಲೇ ಕಳ್ಳನ್ನ ಹುಡುಕ್ಬೇಕಲ್ಲ. ತಪ್ಪಾಯ್ತು ಕಣೇ."

"ಬಿಡಿ ದೊಡ್ಡಮ್ಮಾ, ಬಿಪಿ ಏರತ್ತೆ" ಎಂದಳು ನರ್ಸಮ್ಮ. ಅಷ್ಟು ಹೇಳಿ ಗಾಲಿಕುರ್ಚಿಯ ಮುಂದೆ ಕೂತಳು. ಮುದುಕಿ ದಫೇದಾರಮ್ಮನ ಕೈಯಿಂದ ಪದಕವನ್ನು ತೆಗೆದುಕೊಂಡು ಅವಳ ಕೊರಳಿಗೆ ಹಾಕಿದರು. ಕೊಂಡಿ ಸಿಕ್ಕದೆ ಮೂರು ಸಲ ತಪ್ಪಿತು. ಯಾರೂ ನೆರವಿಗೆ ಹೋಗಲಿಲ್ಲ. ಹೋಗಬಾರದು ಎಂದು ಎಲ್ಲರಿಗೂ ಗೊತ್ತಿತ್ತು.

ಸಾಹೇಬರು ಜೇಬಿನಿಂದ ಬಂಧನದ ಕಾಗದ ತೆಗೆದು ಅದರ ಮೇಲಿನ ಹೆಸರು ನೋಡಿದರು. ನಾಲ್ಕು ಮಡಿಕೆ ಮಾಡಿ ಹರಿದರು. ಹರಿದ ಚೂರುಗಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಕೈಯಲ್ಲೇ ಇಟ್ಟುಕೊಂಡರು.

"ಇಲ್ಲಿ ಹಾಕಿ ಸಾಹೇಬ್ರೇ" ಎಂದು ದಫೇದಾರಮ್ಮ ಸಿಗಡಿ ಸಿಪ್ಪೆಯ ತಟ್ಟೆ ಮುಂದೆ ಹಿಡಿದರು.

ಮೂವತ್ತೆರಡು ವರ್ಷದಲ್ಲಿ ಬಾರದ ಬಡ್ತಿ ಆ ತಟ್ಟೆಯಲ್ಲಿ ಬಂದು ಬಿದ್ದಂತೆ ಅವರಿಗೆ ಅನಿಸಿತು.

*

ಅಳಿಯ ಊಟದ ಮೇಜಿನಲ್ಲಿ ಕೂತು ತನ್ನ ಹೇಳಿಕೆ ಬರೆದ. ಸಾಹೇಬರು ಪಕ್ಕದಲ್ಲಿ ನಿಂತು ಬರೆಸಿದರು. ಅರ್ಧ ಗಂಟೆ ಹಿಡಿಯಿತು. ನರ್ಸಮ್ಮ ಚಹಾ ಮಾಡಿ ತಂದಳು. ಆ ಮನೆಯ ಅಡುಗೆಮನೆಗೆ ಯಾರನ್ನೂ ಕೇಳದೆ ಹೋಗಿ. ದಫೇದಾರಮ್ಮ ಫ್ಯಾನಿನ ಕೆಳಗೆ ಒದ್ದೆ ತೋಳು ಆರಿಸಿಕೊಳ್ಳುತ್ತ ಕೂತು, ಎರಡು ಲೋಟ ಕುಡಿದರು.

"ಇದೇನು, ಒಳಗೇ ಹೋಗ್ತಾ ಇಲ್ಲ" ಎಂದರು ಡಾಕ್ಟರು.

ಮೋರೆರಾಯ ಇನ್ನೂ ಹೊರಗೇ ಇದ್ದ. ಪೊಟರೆಯ ಬಾಯಿಗೆ ಬರುತ್ತಿದ್ದ, ಮೂಸುತ್ತಿದ್ದ, ಹಿಂದಕ್ಕೆ ಸರಿಯುತ್ತಿದ್ದ. ತನ್ನ ಮನೆಯ ಬಾಗಿಲಲ್ಲಿ ಗುರುತಿಲ್ಲದವರ ಚಪ್ಪಲಿ ಕಂಡವನ ಹಾಗೆ.

"ನನ್ನ ಕೈ ವಾಸನೆ ಇರಬೇಕು" ಎಂದರು ದಫೇದಾರಮ್ಮ.

"ಅಲ್ಲ. ಬಾಗಿಲಲ್ಲೇ ಏನೋ ಇದೆ. ನೀವು ಕೈ ಎಳೆಯುವಾಗ ಹೊರಗೆ ಬಂದಿರಬೇಕು." ಡಾಕ್ಟರು ಕನ್ನಡಕ ಏರಿಸಿ ಗಾಜಿಗೆ ಮೂಗು ತಾಗಿಸಿದರು. ಆಮೇಲೆ ಮಾತಿಲ್ಲದೆ ಚಿಮಟ ಎತ್ತಿಕೊಂಡು ಎಡಗಡೆಯಿಂದ ಇಳಿಸಿದರು.

ಚಿಮಟದ ಜೊತೆಗೆ ಇನ್ನೊಂದು ಬಂಗಾರದ ಸರ ಮೇಲೆ ಬಂತು. ಇನ್ನೊಂದು ಪದಕ. ಇನ್ನೊಂದು ಹಸಿರುಕಲ್ಲು.

"ಎರಡಾ?" ಡಾಕ್ಟರು ಊಟದ ಮೇಜಿನತ್ತ ತಿರುಗಿದರು. "ಏನಯ್ಯಾ ಇದು?"

ಅಳಿಯನ ಕೈಯಿಂದ ಪೆನ್ನು ಬಿತ್ತು. "ನಾನು ಹಾಕಿದ್ದು ಒಂದೇ ಮಾವ. ದೇವರಾಣೆಗೂ ಒಂದೇ."

ಅವನ ಮುಖ ನೋಡಿದ ದಫೇದಾರಮ್ಮನಿಗೆ ಅದು ನಿಜವೆಂದು ಗೊತ್ತಾಯಿತು. ಪದಕವನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿದರು. ಮೊದಲನೆಯದರ ಮೇಲೆ ಲೋಳೆ ಪಾಚಿ ಇತ್ತು. ಇದರ ಮೇಲೆ ಎಳ್ಳಷ್ಟೂ ಇಲ್ಲ. ಈಗ ತಾನೇ ಪೆಟ್ಟಿಗೆಯಿಂದ ತೆಗೆದಂತಿತ್ತು. ನೀರಿಗೆ ಬಿದ್ದು ಒಂದು ದಿನವೂ ಆಗಿರಲಾರದು.

"ಇಲ್ಲಿ ಕೊಡು" ಎಂದರು ದೊಡ್ಡಮ್ಮ. ಆ ದನಿಗೆ ಎಲ್ಲರೂ ತಿರುಗಿದರು.

ಅವರು ಪದಕವನ್ನು ಅಂಗೈಯಲ್ಲಿಟ್ಟು ಹಿಂದಕ್ಕೆ ತಿರುಗಿಸಿದರು. ಅಂಚಿನ ಒಂದು ಸಣ್ಣ ಜಜ್ಜನ್ನು ಬೆರಳಿನಿಂದ ತಡವಿದರು.

"ನಮ್ಮಪ್ಪ ಒಂದೇ ಥರದ್ದು ಎರಡು ಮಾಡಿಸಿದ್ರು. ನಂಗೊಂದು, ನನ್ನ ತಂಗಿಗೊಂದು. ಈ ಜಜ್ಜು ಚಿಕ್ಕವರಿದ್ದಾಗ ನಾನೇ ಮಾಡಿದ್ದು, ಜಗಳ ಆಡಿ." ಮುದುಕಿಯ ಕಣ್ಣು ಹೊಳೆಯುತ್ತಿತ್ತು. "ಇಪ್ಪತ್ತೆರಡು ವರ್ಷದ ಹಿಂದೆ ಅವಳು ಈ ಮನೆ ಮೆಟ್ಟಿಲಿಳಿದು ಹೋದವಳು ವಾಪಸ್ ಬರ್ಲಿಲ್ಲ. ಹುಡುಕಿದ್ವಿ, ಸಿಗಲಿಲ್ಲ ಅಂತ ಪೊಲೀಸರು ಫೈಲು ಮುಚ್ಚಿದ್ರು. ಅವತ್ತು ಇದು ಅವಳ ಕೊರಳಲ್ಲಿತ್ತು. ಮಗಾ, ಕೇಳಿದೆಯಾ? ಅವಳ ಕೊರಳಲ್ಲಿತ್ತು!"

ಅವರು ನಕ್ಕರು. ಅಳುತ್ತಲೇ ನಕ್ಕರು. "ಇದು ಬಂದಿದೆ ಅಂದ್ರೆ ತಂದವರಿದ್ದಾರೆ. ತಂದವರಿಗೆ ಅವಳು ಎಲ್ಲಿದ್ದಾಳೆ ಅಂತ ಗೊತ್ತಿದೆ!"

"ಕೊಡಿ ದೊಡ್ಡಮ್ಮಾ" ಎಂದರು ಇನ್ಸ್‌ಪೆಕ್ಟರ್ ಸಾಹೇಬರು. ಮೇಜಿನಿಂದ ಗಾಲಿಕುರ್ಚಿಗೆ ಅವರು ಮೂರೇ ಹೆಜ್ಜೆಯಲ್ಲಿ ಬಂದಿದ್ದರು. "ಅದು ಸಾಕ್ಷ್ಯ. ನನ್ನ ಹತ್ತಿರ ಇರಲಿ."

ಅವರು ಬಲಗೈ ಚಾಚಿದರು.

ದಫೇದಾರಮ್ಮ ಆ ಕೈಯನ್ನು ನೋಡಿದರು. ಆಮೇಲೆ ತಮ್ಮ ತೋಳನ್ನು ನೋಡಿಕೊಂಡರು. ಫ್ಯಾನಿನ ಗಾಳಿಗೆ ರವಿಕೆ ಒಣಗಿತ್ತು. ನೀರು ಹೋಗಿತ್ತು, ಉಪ್ಪು ಉಳಿದಿತ್ತು; ಕಡುಬಣ್ಣದ ಬಟ್ಟೆಯ ಮೇಲೆ ಮೊಣಕೈಯ ಹತ್ತಿರ, ಸೀಮೆಸುಣ್ಣದಿಂದ ಎಳೆದಂಥ ಒಂದು ಬಿಳಿ ಗೆರೆ.

ಸಾಹೇಬರ ಖಾಕಿ ಸಮವಸ್ತ್ರದ ಉದ್ದ ತೋಳಿನ ಮೇಲೂ, ಮೊಣಕೈಗಿಂತ ಎರಡು ಬೆರಳು ಕೆಳಗೆ, ಅಂಥದೇ ಉಪ್ಪಿನ ಗೆರೆ ಇತ್ತು.

"ದೊಡ್ಡಮ್ಮಾ" ಎಂದರು ದಫೇದಾರಮ್ಮ, ದನಿ ಏರಿಸದೆ, "ಮುಷ್ಟಿ ಮುಚ್ಚಿ. ನಾನು ಹೇಳೋವರೆಗೂ ಯಾರಿಗೂ ಕೊಡಬೇಡಿ."